ಆಣೆ ಇಲ್ಲದ ಮಾತು

ಮುರುಗೆಪ್ಪನ ಬಳಿ ಆಣೆಗಳಿಗೆ ಬರವಿರಲಿಲ್ಲ. ಕೊರಳಿನ ಲಿಂಗ ಮುಟ್ಟಿ ಮಾಡಿದ್ದ, ತಾಯಿಯ ಗದ್ದುಗೆಯ ಮಣ್ಣು ಮುಟ್ಟಿ ಮಾಡಿದ್ದ, ಒಮ್ಮೆ ಯುಗಾದಿಯಂದು ಬೇವು ಬಾಯಿಗಿಡುವ ಮೊದಲೂ ಮಾಡಿದ್ದ. ಯಾವುದೂ ಮುಂದಿನ ಪಗಾರದ ದಿನ ದಾಟಲಿಲ್ಲ. ಆಣೆ ಮಾಡುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ಹೆಂಡತಿ ಶಿವಗಂಗವ್ವನನ್ನು ದಣಿಸಿದ್ದು ಕುಡಿತಕ್ಕಿಂತ ಆ ನೀರೇ.

ಇಂಡಿ ಕಡೆಯವನು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದಲಾಲಿ ಅಂಗಡಿಯ ಗುಮಾಸ್ತ. ಅಂಗಡಿಯ ಶೇಟ್ ಹೇಳುತ್ತಿದ್ದ ಹಾಗೆ, ಹೊತ್ತು ಮುಳುಗುವ ತನಕ ಅವನಂಥ ಒಳ್ಳೆ ಮನುಷ್ಯ ಇನ್ನೊಬ್ಬನಿಲ್ಲ.

ದೇಹೂ ರೋಡಿನಲ್ಲಿ ಹೆಂಡತಿಯ ಅಣ್ಣನ ಮನೆಯ ವಾಸ್ತುಶಾಂತಿಗೆ ಹೋದಾಗ ಮುರುಗೆಪ್ಪ ಕುಡಿದು, ಊಟದ ಪಂಕ್ತಿಯ ನಡುವೆ ಬುಂದಿ ಲಾಡುವಿನ ಪರಾತದ ಮೇಲೆಯೇ ಬಿದ್ದ. ಎಬ್ಬಿಸಿ ಕರೆತಂದವಳು ಮಗಳು ನೀತಾ. ಮರುದಿನ ಅವನು ಎಂದಿನಂತೆ ಲಿಂಗಕ್ಕೆ ಕೈ ಹಾಕಿದಾಗ ಅವಳು ತಲೆ ಎತ್ತದೆ ಅಂದಳು: “ಬಿಡ್ರಿ ಅಪ್ಪಾ. ಪಾಪ, ಆ ಲಿಂಗಕ್ಕರ ಎಷ್ಟು ತ್ರಾಸು ಕೊಡತೀರಿ.”

ಆ ಮಾತು ಚುಚ್ಚಿಕೊಂಡಿತು. ವಾರದೊಳಗೆ ರಿಕ್ಷಾವೊಂದರಲ್ಲಿ ಡ್ರೈವರನ ಸೀಟಿನ ಹಿಂದೆ ಕುಡಿತ ಬಿಡಬೇಕೆನ್ನುವವರಿಗಾಗಿ ಅಂಟಿಸಿದ್ದ ಚೀಟಿ ಕಂಡು, ಅದರ ನಂಬರಿಗೆ ಫೋನ್ ಮಾಡಿದ. ಆ ಕಡೆ ಮಾತಾಡಿದವನು ಸಿಟಿ ಬಸ್ಸಿನ ಕಂಡಕ್ಟರ್ ನಿತಿನ. ಪರ್ವತಿ ಹತ್ತಿರದ ಒಂದು ಶಾಲೆಯ ಹೆಸರು ಹೇಳಿ, ಸಂಜೆ ಅಲ್ಲಿ ಕುಡಿತ ಬಿಟ್ಟವರ ಮೀಟಿಂಗ್ ಇದೆ, ಬನ್ನಿ ಅಂದ.

ಶಾಲೆಯ ಗೇಟಿನಲ್ಲಿ ಮುರುಗೆಪ್ಪ ತನ್ನ ಮರಾಠಿಯಲ್ಲಿ ವಾಚ್‌ಮನ್‌ನನ್ನು ಕೇಳಿದ: “ದಾರೂಚಿ ಮೀಟಿಂಗ್ ಕುಠೆ ಆಹೆ?” ದಾರೂ, ಅಂದರೆ ಹೆಂಡದ ಮೀಟಿಂಗ್ ಎಲ್ಲಿ ಎಂದರೆ ವಾಚ್‌ಮನ್‌ಗೆ ಒಂದೇ ಅರ್ಥ. ಗದ್ದ ಎತ್ತಿ ರಸ್ತೆಯಾಚೆಯ ಪರ್ಮಿಟ್ ರೂಮ್ ಬಾರನ್ನು ತೋರಿಸಿ, ಅದು ಅಲ್ಲಿ, ದಿನಾ ಇರುತ್ತದೆ ಅಂದ. ಮುರುಗೆಪ್ಪ ರಸ್ತೆ ದಾಟಿಯೂ ಬಿಟ್ಟಿದ್ದ. ಬಾಗಿಲಲ್ಲಿ ನಿಂತಾಗ ಒಳಗಿನ ವಾಸನೆ ಹೆಸರು ಹಿಡಿದು ಕರೆದಂತಾಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ತೋಳು ಹಿಡಿದರು. ಖಾಕಿ ಅಂಗಿಯ ನಿತಿನ.

“ಬೆಲ್ಲದ ಅಂಗಡಿಯವರು ನೀವೇ ತಾನೆ? ನಾನೂ ಮೊದಲನೇ ದಿನ ಇಲ್ಲಿಗೇ ಬಂದಿದ್ದೆ,” ಎಂದ ಮರಾಠಿಯಲ್ಲಿ. “ಆದರೆ ನನಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ.”

ತರಗತಿಯ ಕೋಣೆಯಲ್ಲಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ಹತ್ತಾರು ಜನ ಕೂತಿದ್ದರು. ಒಬ್ಬೊಬ್ಬರೇ ಎದ್ದು ತಮ್ಮ ಪಾಡು ಹೇಳಿದರು. ತನ್ನ ಸರದಿ ಬಂದಾಗ ಮುರುಗೆಪ್ಪ ಅಂಗಿಯ ಮೇಲಿಂದಲೇ ಲಿಂಗ ಹಿಡಿದು, ಇನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಶುರುಮಾಡಿದ.

ನಿತಿನ ಮೆಲ್ಲಗೆ ತಡೆದ. “ಜನ್ಮದ್ದು ಯಾರು ಕೇಳಿದರು, ಮಾಲಕ್? ಇಲ್ಲಿ ಶಪಥ ನಡೆಯುವುದಿಲ್ಲ. ಇವತ್ತಿನದು ಹೇಳಿ.”

“ಇವತ್ತು... ಕುಡದಿಲ್ಲ.”

“ಸಾಕು. ಕೂತುಕೊಳ್ಳಿ.”

ತೂಗಿ ಕೊಟ್ಟ ಮಾಲನ್ನು ಗಿರಾಕಿ ತಿರುಗಿ ಕಳಿಸಿದ ಹಾಗಾಯಿತು ಮುರುಗೆಪ್ಪನಿಗೆ. ಆದರೂ ಮರುವಾರ ಹೋದ. ನಡುವೆ ಒಮ್ಮೆ ಜಾರಿ ಕುಡಿದ. ಬೈಸಿಕೊಳ್ಳಲು ಸಿದ್ಧನಾಗಿ ಹೋಗಿ ಅದನ್ನೂ ಹೇಳಿದ. ಅಲ್ಲಿ ಅವನಿಗೆ ಚಹಾ ಕೊಟ್ಟರು. ಬೈಗುಳಕ್ಕಿಂತ ಆ ಚಹಾ ನುಂಗುವುದೇ ಕಷ್ಟವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಇಂದಾಪುರದಿಂದ ನೀತಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದರು. ಭಾನುವಾರ. ಶಿವಗಂಗವ್ವ ಗಂಡನನ್ನು ಅಡುಗೆಮನೆಗೆ ಕರೆದು, ನೀತಾಳನ್ನು ಅವನ ಮುಂದೆ ನಿಲ್ಲಿಸಿದಳು.

“ಮಗಳ ತಲಿ ಮುಟ್ಟಿ ಆಣಿ ಮಾಡ್ರಿ. ಆ ದಿನ ಕುಡಿಯಂಗಿಲ್ಲ ಅಂತ.”

ಮುರುಗೆಪ್ಪನ ಕೈ ಅಭ್ಯಾಸದಿಂದ ಮೇಲೆದ್ದಿತು. ಅರ್ಧಕ್ಕೆ ಇಳಿಯಿತು.

“ನಾ ಆಣಿ ಮಾಡಂಗಿಲ್ಲ.”

“ಅಂದ್ರ ಕುಡಿಯೋದು ನಿಕ್ಕಿ ಅದ.”

“ಗೊತ್ತಿಲ್ಲ. ಭಾನುವಾರದ್ದು ನನಗ ಇವತ್ತು ಹ್ಯಾಂಗ ಗೊತ್ತಾಗಬೇಕು? ಇವತ್ತು ಕುಡದಿಲ್ಲ. ಅಷ್ಟೇ ಖರೇ.”

“ಆಣಿ ಇಲ್ಲದ ಮಾತಿಗೆ ಏನು ಬೆಲಿ? ಮೀಟಿಂಗ್ನ್ಯಾಗ ಇದನ್ನ ಕಲಿಸತಾರೇನು, ಹೆಂಡತಿಗೆ ಗೊತ್ತಿಲ್ಲ ಅನ್ನೋದು?”

“ಆಣಿ ಮಾಡಿದ್ದಕ್ಕರ ಏನು ಬೆಲಿ ಇತ್ತು?”

ಶಿವಗಂಗವ್ವನಿಗೆ ಸಿಟ್ಟು ಬಂತು. ಅವನ ಎದುರಿಗೇ ಬೀಗರಾಗುವವರಿಗೆ ಫೋನ್ ಹಚ್ಚಿ, ನಮ್ಮವರಿಗೆ ಸೋಲಾಪುರದಾಗ ಕೆಲಸ ಅದರಿ, ಭಾನುವಾರ ಅವರು ಇರಂಗಿಲ್ಲ, ನೀವು ಬರ್ರಿ, ತಪ್ಪು ತಿಳಕೋಬ್ಯಾಡ್ರಿ ಎಂದಳು. ನೀತಾ ಅಪ್ಪನ ಮುಖ ನೋಡಿದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹೋದದ್ದು ನಿತಿನನ ಮನೆಗೆ. ಅದು ತಾಯಿ ಮಗಳಿಗೆ ತಿಳಿಯದು. ಊಟದ ಹೊತ್ತಿಗೆ ಅವನು ನೆಟ್ಟಗೆ ನಡೆದು ಬಂದಾಗ ಶಿವಗಂಗವ್ವ ರೊಟ್ಟಿ ಬಡಿಸಿದಳು.

ಭಾನುವಾರ ನಸುಕಿನಲ್ಲಿ ಅವನು ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಎದ್ದಾಗ ಅವಳು ಹೂರಣ ಅರೆಯುತ್ತಿದ್ದಳು.

“ಇವತ್ತಿಂದು?” ಅಂದಳು, ಕೈ ನಿಲ್ಲಿಸದೆ.

“ಇವತ್ತು ಕುಡಿಯಂಗಿಲ್ಲ.”

“ಮತ್ತ ನಾಳಿಂದು?”

“ಗೊತ್ತಿಲ್ಲ.”

ನಾಳೆಯೂ ಕುಡಿಯಂಗಿಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. “ಹಾಂ, ನಾ ರೀ, ನೀತಾನ ತಾಯಿ. ಎಲ್ಲಿ ತನಕ ಬಂದ್ರಿ?... ಇವರು ಸೋಲಾಪುರದ ಕೆಲಸ ಬಿಟ್ಟು ನಿಂತಾರ. ಹೂಂ ರೀ, ಮನ್ಯಾಗ ಅದಾರ. ಬರ್ರಿ.”