ನಾನು ದಾನ ಕೊಟ್ಟ ಕೇಬಲ್ಲು

ಆ ಕೇಬಲ್ಲು ದಾನ ಕೊಟ್ಟಿದ್ದಕ್ಕೆ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆದಿದ್ದರು. ನಮ್ಮ ಬಡಾವಣೆಯಲ್ಲಿ ಸಮುದಾಯ ರೇಡಿಯೊ ಶುರುವಾದ ದಿನ ಅದು. ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಎಳೆಯಲು ಕೋಆಕ್ಸಿಯಲ್ ಕೇಬಲ್ಲು ಬೇಕಾಗಿತ್ತು. ನೌಕರಿಯಲ್ಲಿದ್ದಾಗ ಹವ್ಯಾಸಕ್ಕೆಂದು ಕೊಂಡ ಒಂದು ಸುರುಳಿ ನನ್ನ ಮನೆಯ ಅಟ್ಟದ ಮೇಲೆ ವರ್ಷಾನುಗಟ್ಟಲೆ ಬಿದ್ದಿತ್ತು. ಹೆಂಡತಿ ಎಸೆಯಿರಿ ಎನ್ನುತ್ತಿದ್ದಳು. ಅವಳ ಮಾತು ಕೇಳಿದ್ದರೆ ಚೆನ್ನಾಗಿತ್ತು.

ಕೇಬಲ್ಲಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ತಂತ್ರಜ್ಞರ ತರಬೇತಿಗೆ ಬಂದವರಿಗೆ ಅದನ್ನೇ ಕಲಿಸಿ ನಿವೃತ್ತನಾದವನು ನಾನು; ಈ ರೇಡಿಯೊದ ಯಂತ್ರಗಳ ಉಸ್ತುವಾರಿಯೂ ನನ್ನದೇ. ನಡುವೆ ಒಂದು ತಾಮ್ರದ ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ತಾಮ್ರದ ಜಾಲರಿ, ಹೊರಗೆ ಕಪ್ಪು ಹೊದಿಕೆ. ಟಿವಿಗೆ ಎಪ್ಪತ್ತೈದು ಓಮಿನದು, ಟ್ರಾನ್ಸ್‌ಮಿಟರಿಗೆ ಐವತ್ತರದು. ಅದಲುಬದಲು ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನದು ಐವತ್ತರದೇ. ಆದರೆ ಅಷ್ಟೇ ಸಾಲದು. ಕೇಬಲ್ಲು ತೆಳ್ಳಗಾದಷ್ಟೂ, ಉದ್ದವಾದಷ್ಟೂ ಸಿಗ್ನಲ್ಲನ್ನು ದಾರಿಯಲ್ಲೇ ತಿಂದುಹಾಕುತ್ತದೆ. ಹಳೆಯದಾದರೆ ಅದರ ಹಸಿವು ಇನ್ನೂ ಜಾಸ್ತಿ. ನಮ್ಮ ಸ್ಟುಡಿಯೊ ನೆಲಮಹಡಿಯಲ್ಲಿ, ಆಂಟೆನಾ ನಾಲ್ಕು ಅಂತಸ್ತಿನ ಮೇಲಿನ ತಾರಸಿಯಲ್ಲಿ, ಕಂಬದ ತುದಿಗೆ. ಅಷ್ಟು ದೂರಕ್ಕೆ ಹೆಬ್ಬೆರಳು ಗಾತ್ರದ ಹೊಸ ಕೇಬಲ್ಲು ಬೇಕು. ನನ್ನದು ಪೆನ್ಸಿಲಿಗಿಂತ ಸಣ್ಣದು. ಬೇರೆ ಯಾರಾದರೂ ಅದನ್ನು ತಂದಿದ್ದರೆ ಗೇಟಿನಿಂದಲೇ ವಾಪಸ್ಸು ಕಳಿಸುತ್ತಿದ್ದೆ. ನಾನೇ ತಂದಿದ್ದರಿಂದ ನಡೆಯುತ್ತದೆ ಬಿಡು ಅನ್ನಿಸಿತು.

ಊರು ತೆಲುಗು ಸೀಮೆಯದು; ರೇಡಿಯೊದಲ್ಲಿ ಹೆಚ್ಚಿನದು ತೆಲುಗು, ಹಿಂದಿ. ಭಾನುವಾರ ಮುಂಜಾನೆ ಅರ್ಧ ಗಂಟೆ ಮಾತ್ರ ಕನ್ನಡ. ಅದನ್ನು ನಡೆಸುತ್ತಿದ್ದವಳು ನಮ್ಮಿಂದ ಮೂರ್ನಾಲ್ಕು ಕಿಲೊಮೀಟರ್ ಆಚೆ, ಮಣಿಕೊಂಡದ ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಹೆಂಗಸು. ಅಲ್ಲಿನ ಶೆಡ್ಡುಗಳಲ್ಲಿರುವ ತನ್ನ ಕಡೆಯ ಕೂಲಿಯವರಿಗಾಗಿ ಮಾತಾಡುತ್ತಿದ್ದಳು. ಎಲ್ಲಿ ಆಳು ಬೇಕಾಗಿದ್ದಾರೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾವ ಮೇಸ್ತ್ರಿಯ ಬಾಯಿ ಹೊಲಸು, ಎಲ್ಲವೂ ಬರುತ್ತಿತ್ತು. ಓದು ಬಾರದವಳು, ಅಷ್ಟನ್ನೂ ತಲೆಯಲ್ಲಿಟ್ಟುಕೊಂಡು ಬರುವಳು. ಕೆಂಪು ದೀಪ ಹತ್ತಿದೊಡನೆ, ಎದುರಿಗೆ ಯಾರೋ ಕೂತಿದ್ದಾರೆಂಬಂತೆ, ಸೆರಗು ಸರಿಮಾಡಿಕೊಳ್ಳುವಳು. ‘ವಾರಪೂರ್ತಿ ಬ್ಯಾರೆದವರು ಹೇಳಿದ್ದು ಕೇಳೂದ ಆಗೇತ್ರಿ. ಇದೊಂದು ಅರ್ಧಾ ತಾಸು ಮಂದಿ ನಾ ಹೇಳಿದ್ದು ಕೇಳ್ತಾರ’ ಎಂದು ಒಮ್ಮೆ ನನಗೆ ಹೇಳಿದ್ದಳು.

ಮೊದಲ ವರ್ಷ ಅವಳಿಗೆ ಫೋನುಗಳು ಬರುತ್ತಿದ್ದವು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ನಿಂತೇಹೋದವು. ತೆಲುಗು, ಹಿಂದಿ ಕೇಳುವವರು ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳವರು. ಅವರ ಫೋನುಗಳೇನೂ ನಿಲ್ಲಲಿಲ್ಲ.

‘ಸರ್ರ, ನಮ್ಮ ಶೆಡ್ಡಿನ ಕಡಿ ಬರೇ ಗೊರ್ರ್ ಅಂತೈತ್ರಿ. ನನ್ನ ದನಿ ಬರವಲ್ದು ಅಂತಾರ’ ಎಂದಳು.

‘ಮಿಷನ್ ಭಾಳ ಚಲೋ ಐತಿ. ಮೊಬೈಲಿನ ಇಯರ್‌ಫೋನ್ ವೈರ ಅದರ ಆಂಟೆನಾ, ನೆಟ್ಟಗ ಹಿಡಕೋರಿ ಅಂತ ನಿಮ್ಮ ಮಂದಿಗೆ ಹೇಳು’ ಎಂದೆ.

ಅವಳು ಮತ್ತೆರಡು ಸಲ ಅದನ್ನೇ ಹೇಳಿದಳು. ಮೂರನೆಯ ಸಲ ನಾನು ಗದರಿಸಿದೆ. ನನ್ನ ಮನೆ ಸ್ಟುಡಿಯೊದಿಂದ ಎರಡೇ ಗಲ್ಲಿ ಆಚೆ; ನನ್ನ ರೇಡಿಯೊದಲ್ಲಿ ಅವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು.

ಕೊನೆಗೆ ರೇಡಿಯೊ ನಡೆಸುವ ಸಮಿತಿ ಸೇರಿತು. ಕೇಳುವವರಿಲ್ಲದ ಕಾರ್ಯಕ್ರಮ ಏಕೆ ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ನನ್ನ ಕಡೆ ತಿರುಗಿ ‘ಸಾರ್, ಮಷೀನ್ ಬಾಗುಂದಾ?’ ಎಂದು ತೆಲುಗಿನಲ್ಲಿ ಕೇಳಿದರು. ಬಹಳ ಚೆನ್ನಾಗಿದೆ ಎಂದೆ. ಪ್ರತಿ ಸೋಮವಾರ ಸ್ಟುಡಿಯೊದಲ್ಲಿ ಮೀಟರು ನೋಡುತ್ತೇನೆ, ಆಂಟೆನಾ ಕೆಟ್ಟರೆ ಸಿಗ್ನಲ್ಲು ವಾಪಸ್ಸು ಬರುತ್ತದೆ, ಅದನ್ನು ತೋರಿಸುವ ಮುಳ್ಳು ಅಲುಗುವುದೂ ಇಲ್ಲ ಎಂದೆ. ದೋಷ ಯಂತ್ರದ್ದಲ್ಲ ಎಂದಮೇಲೆ ಯಾರದ್ದು ಎಂದು ಯಾರೂ ಕೇಳಲಿಲ್ಲ. ಅವಳ ಅರ್ಧ ಗಂಟೆ ಒಂದು ಅಡುಗೆ ಕಾರ್ಯಕ್ರಮಕ್ಕೆ ಹೋಯಿತು. ಬಾಗಿಲ ಬಳಿ ನಿಂತಿದ್ದ ಅವಳಿಗೆ ನಾನೇ ಕನ್ನಡದಲ್ಲಿ ತಿಳಿಸಿದೆ. ‘ಮಂದಿಗೆ ನನ್ನ ಮಾತು ಸಾಕಾಗಿರಬೇಕು, ಬಿಡ್ರಿ’ ಎಂದು ಹೊರಟುಹೋದಳು.

ಆರು ತಿಂಗಳ ಮೇಲೆ ತಾರಸಿ ಸೋರುತ್ತದೆಂದು ರಿಪೇರಿ ಹಿಡಿದರು. ಕಂಬ ಇಳಿಸಬೇಕಾಯಿತು. ಮೇಲಿನ ತುದಿಯಲ್ಲಿ ಕೇಬಲ್ಲು ಕತ್ತರಿಸಿದರೆ ನೀರು ತೊಟ್ಟಿಕ್ಕಿತು. ಜಾಲರಿ ಕಪ್ಪಾಗಿ ಉದುರಿತು. ಆಂಟೆನಾದ ಬೆಸುಗೆ ಹಸಿರು ಹಿಡಿದು ಬಿಟ್ಟುಕೊಂಡಿತ್ತು. ಮೀಟರನ್ನು ಮೇಲಕ್ಕೆ ತಂದು, ಕೇಬಲ್ಲಿಗೂ ಆಂಟೆನಾಕ್ಕೂ ನಡುವೆ ಕೂಡಿಸಿ ನೋಡಿದೆ. ಕೊಟ್ಟಿದ್ದರಲ್ಲಿ ಹೆಚ್ಚಿನದನ್ನು ಆಂಟೆನಾ ಒಲ್ಲೆ ಎಂದು ಹಿಂದಕ್ಕೆ ತಳ್ಳುತ್ತಿತ್ತು; ಒಪ್ಪಿದ ಚೂರು ಅಕ್ಕಪಕ್ಕದ ಗಲ್ಲಿಗಳಿಗಷ್ಟೇ ಸಾಲುತ್ತಿತ್ತು. ಸಿಗ್ನಲ್ಲು ಮೇಲೆ ಹತ್ತುವಾಗ ಕೇಬಲ್ಲು ಬಹುಪಾಲು ತಿನ್ನುತ್ತಿತ್ತು, ವಾಪಸ್ಸು ಇಳಿಯುವಾಗ ಉಳಿದದ್ದನ್ನೂ ತಿನ್ನುತ್ತಿತ್ತು. ಕೆಳಗಿನ ಮೀಟರಿಗೆ ಏನೂ ಹಿಂದಕ್ಕೆ ಬಂದಂತೆ ಕಾಣುತ್ತಿರಲಿಲ್ಲ. ಕೇಬಲ್ಲು ಕೆಟ್ಟಷ್ಟೂ ಕೆಳಗಿನ ಮುಳ್ಳು ಚೆಂದ ನಿಲ್ಲುತ್ತದೆ, ಅದಕ್ಕೇ ಆಂಟೆನಾದ ಬುಡದಲ್ಲಿ ಅಳೆಯಿರಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನೇ ನಾನು. ಎರಡು ವರ್ಷದಲ್ಲಿ ಒಮ್ಮೆಯೂ ಮೀಟರು ಹಿಡಿದು ಹತ್ತಲಿಲ್ಲ. ಮೊಣಕಾಲು ನೋವು ಎನ್ನಬಹುದು. ಮದುವೆ ಊಟಕ್ಕೆ ಮೂರನೆಯ ಮಹಡಿಗೆ ಹತ್ತಿದ್ದೂ ಇದೇ ಮೊಣಕಾಲುಗಳು.

ಸಮಿತಿಯಲ್ಲಿ ‘ಕೇಬಲ್ಲಿಗೆ ವಯಸ್ಸಾಗಿತ್ತು’ ಎಂದಷ್ಟೇ ಹೇಳಿದೆ. ದಪ್ಪನೆಯ ಹೊಸದನ್ನು ಹಾಕಿಸಿ, ಜೋಡಣೆಗಳಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿಸಿದೆ. ಅದಕ್ಕೂ ನನಗೆ ಧನ್ಯವಾದ ಹೇಳಿದರು. ಕನ್ನಡದ ಅರ್ಧ ಗಂಟೆಯ ಮಾತೆತ್ತಿದರೆ, ಜನ ಅಡುಗೆಗೆ ಹೊಂದಿಕೊಂಡಿದ್ದಾರೆ ಎಂದರು. ನಾನು ಹಠ ಹಿಡಿಯಲಿಲ್ಲ. ಹಠ ಹಿಡಿದರೆ ಪೂರ್ತಿ ಕಥೆ ಹೇಳಬೇಕಾಗುತ್ತಿತ್ತು. ಹೇಡಿತನಕ್ಕೆ ಬೇರೆ ಹೆಸರು ನನಗೆ ಸಿಕ್ಕಿಲ್ಲ.

ಅವಳಿಗಾದರೂ ಹೇಳಬೇಕೆಂದು ಮಣಿಕೊಂಡಕ್ಕೆ ಹೋದೆ. ಅರ್ಧ ಎದ್ದ ಕಟ್ಟಡವೊಂದರ ಕೆಳಗೆ ಬುಟ್ಟಿಗೆ ಮರಳು ತುಂಬುತ್ತಿದ್ದಳು. ಜಾಲರಿ, ನೀರು, ಮುಳ್ಳು, ಎಲ್ಲವನ್ನೂ ಪಾಠದಂತೆ ವಿವರಿಸಿದೆ. ಅವಳು ಮರಳು ತುಂಬುತ್ತಲೇ ಕೇಳಿದಳು.

‘ಅಂದ್ರ ನಾ ಹೇಳಿದ್ದು ಖರೇ ಇತ್ತು.’

‘ಖರೇನ ಇತ್ತು. ಮೀಟರು ಮ್ಯಾಲ ಒಯ್ದು ನೋಡಿದೆ.’

‘ಈಗೂ ನೀವು ನಂಬಿದ್ದು ಮೀಟರಿನ ಮಾತ ರೀ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬುಟ್ಟಿ ತುಂಬಿತ್ತು. ತಲೆಗೆ ಏರಿಸಲು ಒಂದು ಕೈ ಬೇಕಾಗಿತ್ತು. ನಾನು ಎದುರಿಗೇ ನಿಂತಿದ್ದೆ. ಅವಳು ದೂರದಲ್ಲಿದ್ದ ಇನ್ನೊಬ್ಬಳನ್ನು ಕೂಗಿ ಕರೆದಳು.