ಬಿಸ್ಮಿಲ್ಲಾ ಬೀ ಪೆಟ್ಟಿಗೆಯ ಜರ್ಮನಿ ಧಾಟಿ

ಬಸವಕಲ್ಯಾಣದ ಬಜಾರಿನಲ್ಲಿ ಖಾರಪುಡಿ ಗಿರಣಿ ನಡೆಸುತ್ತಿದ್ದ ಸರುಬಾಯಿಯ ಗಂಟಲನ್ನು ಮೆಣಸಿನಕಾಯಿ ಘಾಟು ಏನೂ ಮಾಡಲಾರದೆ ಸೋತುಹೋಗಿತ್ತು. ಗಿರಾಕಿಗಳು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕುತ್ತ ನಿಂತರೆ, ಈಕೆ ಗಿರಣಿ ಸದ್ದಿನ ಮೇಲೆ ದನಿ ಏರಿಸಿ ಭಜನೆ ಹೇಳುತ್ತಿದ್ದಳು. ಐವತ್ತಾರನೆಯ ಇಸವಿಯಲ್ಲಿ, ಕಲ್ಯಾಣವೆಂಬ ಊರ ಹೆಸರಿಗೆ ಬಸವ ಸೇರಿಕೊಂಡ ಕಾಲಕ್ಕೆ, ಕೊಹಿನೂರ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಬಂದ ವರ್ಷವೇ ಅತ್ತೆಯ ಕೈಯೊಳಗಿನ ಭಜನೆಯ ತಾಳ ಈಕೆಯ ಕೈಗೆ ಬಂತು. ಕೇಳಿ ತೆಗೆದುಕೊಂಡಳೋ, ಕಸಿದುಕೊಂಡಳೋ, ಆ ಮಾತು ಈಗ ಯಾಕೆ! ಓಣಿಯ ಹೆಂಗಸರ ಭಜನಾ ಮಂಡಳಿಯಲ್ಲಿ ತಾಳ ಹಿಡಿದವಳಿಗೇ ಮುಂದಿನ ಜಾಗ, ಅವಳು ಎತ್ತಿದ್ದೇ ಹಾಡು. ಎಂಬತ್ತರ ದಶಕ ಅರ್ಧ ಮುಗಿಯುವ ತನಕ ಆ ಜಾಗಕ್ಕೆ ಯಾರೂ ಕಣ್ಣು ಹಾಕಿರಲಿಲ್ಲ.

ಅಷ್ಟರಲ್ಲಿ ಹುಮನಾಬಾದಿನ ಲಲಿತಾಬಾಯಿ ಗಂಟುಬಿದ್ದಳು. ವರ್ಷಕ್ಕೊಮ್ಮೆ ಹುಮನಾಬಾದಿನಲ್ಲಿ ಎರಡೂ ಊರಿನ ಹೆಂಗಸರ ಮಂಡಳಿಗಳ ನಡುವೆ ಪಂದ್ಯ. ಗೆದ್ದವರಿಗೆ ಹಿತ್ತಾಳೆ ದೀಪ. ಸಿನಿಮಾ ಧಾಟಿ ಹಾಡಬಾರದು ಎಂಬುದೊಂದೇ ಕಟ್ಟುನಿಟ್ಟು. ಸರುಬಾಯಿ ಅತ್ತೆ ಕಾಲದ ಧಾಟಿಗಳನ್ನೇ ಎಳೆಯುತ್ತ ಕೂತರೆ, ಲಲಿತಾಬಾಯಿ ಎಲ್ಲಿಂದಲೋ ಹೊಸ ಧಾಟಿ ತಂದು ವರ್ಷ ವರ್ಷವೂ ದೀಪ ಹೊತ್ತುಕೊಂಡು ಹೋಗುತ್ತಿದ್ದಳು. ಕೊನೆಗೆ ಮಂಡಳಿಯ ಹೆಂಗಸರು ಕೂತು ಮಾತಾಡಿದರು: ಈ ಸಲವೂ ಸೋತರೆ ತಾಳ ಸೂಗಮ್ಮನಿಗೆ. ಈ ಸೂಗಮ್ಮ ಬೇರೆ ಯಾರೂ ಅಲ್ಲ, ಮೈದುನನ ಹೆಂಡತಿ, ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುವವಳು.

"ಅಕ್ಕಾ, ನಿಮಗೂ ವಯಸ್ಸಾತು. ಹಿಂದ ಆರಾಮ ಕುಂತು ಚಪ್ಪಾಳಿ ಹೊಡೀರಿ," ಎಂದಳು ಸೂಗಮ್ಮ, ಬಹಳ ಮರ್ಯಾದೆಯಿಂದ.

ಸರುಬಾಯಿಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಒಬ್ಬಳೇ ಕೂತಾಗ ಅಳುವೂ ಬಂತು. ತಾಳ ಹೋದರೆ ತನಗೆ ಉಳಿಯುವುದೇನು? ಖಾರಪುಡಿ.

ಆಗ ಕೈಹಿಡಿದದ್ದು ಪಕ್ಕದ ಮನೆಯ ಬಿಸ್ಮಿಲ್ಲಾ ಬೀಯ ಟೀವಿ. ಮಗ ದುಬೈಯಿಂದ ತಂದ ಬಣ್ಣದ ಟೀವಿ ಅದು. ಐತವಾರ ಸಂಜೆ ಖಾರಪುಡಿ ಕೊಡುವ ನೆಪದಲ್ಲಿ ಸರುಬಾಯಿ ಹೋದಾಗ ಅದರಲ್ಲಿ ಎಂಥದೋ ಗಮ್ಮತ್ತು ನಡೆದಿತ್ತು. ಕೆಂಪು ಗಲ್ಲದ ದಪ್ಪ ಮನುಷ್ಯನೊಬ್ಬ ತೊಗಲಿನ ಚಡ್ಡಿ ತೊಟ್ಟು, ಕೊರಳಿಗೆ ಹಾರ್ಮೋನಿಯಂ ಥರದ್ದೇನೋ ನೇತುಹಾಕಿಕೊಂಡು ಹಾಡುತ್ತಿದ್ದ. ಎರಡು ಜಡೆಯ ಹೆಂಗಸರು ಲಾ ಲಾ ಲಾ ಎನ್ನುತ್ತಿದ್ದರು. ಕೇಳಲು ಕೂತವರೆಲ್ಲ ತೋಳಿಗೆ ತೋಳು ಹೆಣೆದು ಅತ್ತ ಇತ್ತ ಓಲಾಡುತ್ತಿದ್ದರು.

"ಯಾರ್ರೀ ಆಪಾ ಇವರು?"

"ಜರ್ಮನಿಯವ್ರು. ಪೆಟ್ಟಿಗಿ ಫಾರಿನ್‌ದು ಅದಲ್ಲ, ಅದಕ್ಕೇ ಫಾರಿನ್ ಮಂದಿ ಬರ್ತಾರ. ಬ್ಯಾರೆಯವರ ಟೀವಿಯೊಳಗ ಎಲ್ಲಿ ಬರಬೇಕು!" ಎಂದಳು ಬಿಸ್ಮಿಲ್ಲಾ ಬೀ.

ಸರುಬಾಯಿ ಪೂರಾ ನಂಬಿದಳು. ದುಬೈ ಪೆಟ್ಟಿಗೆಯೊಳಗೆ ದುಬೈ ಕಡೆಯವರು, ಅವರ ನೆಂಟರು, ಜರ್ಮನಿಯವರು ಬರುವುದರಲ್ಲಿ ಆಕೆಗೆ ಯಾವ ಸಂಶಯವೂ ಕಾಣಲಿಲ್ಲ. ಹಾಗಾದರೆ ಈ ಧಾಟಿ ಕೇಳಿದವರು ಇಡೀ ಜಿಲ್ಲೆಯಲ್ಲಿ ಇಬ್ಬರೇ! ಮೇಲಾಗಿ ಇದು ಸಿನಿಮಾ ಅಲ್ಲ. ಆಕೆ ಅಲ್ಲೇ ಕೂತು ಧಾಟಿಯನ್ನು ಗಂಟಲಿಗಿಳಿಸಿಕೊಂಡಳು. ಮನೆಗೆ ಬಂದು "ಬಾರೋ ಗುರುವೆ ಮನೆತನಕ" ಎಂದು ಪದ ಕೂಡಿಸಿ, ಲಾ ಲಾ ಲಾ ಇದ್ದಲ್ಲಿ ಹರ ಹರ ಹರ ಹಾಕಿದಳು. ಧಾಟಿ ಎಲ್ಲಿಯದು ಎಂದು ಮಂಡಳಿಯವರು ಕೇಳಿದಾಗ ಕಣ್ಣು ಮುಚ್ಚಿ ಕೈ ಮುಗಿದು, "ಅತ್ತಿ ಕನಸಿನ್ಯಾಗ ಬಂದು ಹೇಳಿಕೊಟ್ಟಳ್ರೆವ್ವಾ," ಎಂದಳು. ಬದುಕಿರುವಾಗ ಸೊಸೆಗೆ ಉಪ್ಪಿನಕಾಯಿ ಹಾಕುವುದನ್ನೂ ಹೇಳಿಕೊಡದ ಅತ್ತೆ ಅದು.

ಪಂದ್ಯದ ದಿನ ಮೊದಲು ಹಾಡುವ ಸರದಿ ಹುಮನಾಬಾದಿನದು. ಲಲಿತಾಬಾಯಿ ಎದ್ದು, "ಇದು ನಮ್ಮಜ್ಜಿ ಕಾಲದ ಧಾಟಿರಿ," ಎಂದು ಹೇಳಿ ಶುರು ಮಾಡಿದಳು. ಒಂದು ನುಡಿ ಮುಗಿಯುವುದರೊಳಗೆ ಸರುಬಾಯಿಗೆ ಗುರುತು ಸಿಕ್ಕಿತು. ಅದೇ ಧಾಟಿ! ಹರ ಹರ ಹರ ಇರುವಲ್ಲಿ ದತ್ತ ದತ್ತ ದತ್ತ, ಅಷ್ಟೇ. ಹಾಳಾದ ಜರ್ಮನಿಯವರು ಹುಮನಾಬಾದಿಗೂ ಹೋಗಿದ್ದರು!

ಸೂಗಮ್ಮ ಕಿವಿಯ ಹತ್ತಿರ ಬಾಗಿದಳು. "ಅಕ್ಕಾ, ನಮ್ಮತ್ತಿ ಅಕಿ ಕನಸಿನ್ಯಾಗೂ ಹೋಗಿದ್ದಳೇನ್ರಿ?"

ಸರುಬಾಯಿ ಲೆಕ್ಕ ಹಾಕಿದಳು. ಕದ್ದದ್ದೆಂದು ಕೂಗಿದರೆ ತನ್ನ ಕಳವೂ ಬಯಲಾಗುತ್ತದೆ. ಬೇರೆ ಹಾಡು ಹಾಡೋಣವೆಂದರೆ ಮಂಡಳಿಗೆ ತಾಲೀಮಿಲ್ಲ. ತಾಳವನ್ನು ಎದೆಗೊತ್ತಿಕೊಂಡು ಕೂತಳು. ಸರದಿ ಬಂತು, ಹೆಸರು ಕೂಗಿದರು. ಎದ್ದು ನಿಂತವಳು ಹಾಡುವ ಬದಲು ಚಪ್ಪರದ ಮಂದಿಯ ಕಡೆ ತಿರುಗಿದಳು.

"ಯಾಕ್ರೆವ್ವಾ, ಗೊಂಬಿ ಕುಂತಂಗ ಕುಂತೀರಿ? ಹಿಡೀರಿ ಬಾಜೂದಾಕಿ ತೋಳು! ನಾ ಹ್ಯಾಂಗ ವಾಲ್ತೀನಿ, ಹಂಗ ವಾಲ್ರಿ!"

ಹೀಗೆಂದು ಅದೇ ಧಾಟಿ ಎತ್ತಿದಳು. ಹೆಂಗಸರು ಮೊದಮೊದಲು ನಾಚಿದರು, ಕಿಸಕ್ಕೆಂದರು. ಹರ ಹರ ಹರ ಬಂದಾಗ ಮುಂದಿನ ಸಾಲು ತೋಳು ಹೆಣೆದು ವಾಲಿತು, ಅದರ ಹಿಂದಿನದೂ ವಾಲಿತು. ಪಕ್ಕದ ಹುಡಗಿ ಎಂಬ ಹಳ್ಳಿಯಿಂದ ಬಂದ ಮುದುಕಿಯರಂತೂ ನಿಲ್ಲಿಸಲೇ ಒಲ್ಲರು. ತೀರ್ಪು ಕೊಡಲು ಕುರ್ಚಿಯಲ್ಲಿ ಕೂತಿದ್ದ ಮಹಾರುದ್ರಪ್ಪ ಮಾಸ್ತರರು ತಬಲಾದವನ ತೋಳು ಹಿಡಿದು ಎಡಕ್ಕೂ ಬಲಕ್ಕೂ ವಾಲುತ್ತಿದ್ದರು.

ಲಲಿತಾಬಾಯಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದಳು: "ಮಾಸ್ತರ್ರ, ಇದು ಮೋಸ! ಜರ್ಮನಿ ಮಂದಿ ಟೀವಿಯೊಳಗ ಹಿಂಗ ಓಲಾಡ್ತಾರ! ಕಂಡದ್ದು ಕಂಡಂಗ ಮಾಡಾಕತ್ತಾಳ!"

ಹಾಡು ನಿಂತಿತು. ಆಗ ಎದ್ದವಳು ಸೂಗಮ್ಮ.

"ಹೌದ್ರಿ ಲಲಿತಾಬಾಯಿ? ಜರ್ಮನಿ ಮಂದಿ ಓಲಾಡೋದು ನಿಮಗ ಹ್ಯಾಂಗ ಗೊತ್ತಾತ್ರಿ? ನಿಮ್ಮಜ್ಜಿ ಹೇಳಿದಳೇನ್ರಿ?"

ಚಪ್ಪರವೆಲ್ಲ ಗೊಳ್ಳೆಂದಿತು. ಲಲಿತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಮಹಾರುದ್ರಪ್ಪ ಮಾಸ್ತರರು ತಬಲಾದವನ ತೋಳು ಬಿಟ್ಟು ಟೋಪಿ ನೆಟ್ಟಗೆ ಮಾಡಿಕೊಂಡರು.

"ಸಿನಿಮಾ ಧಾಟಿ ಬ್ಯಾಡ ಅಂದೀವಿ, ಜರ್ಮನಿದು ಬ್ಯಾಡ ಅಂತ ಯಾರೂ ಅಂದಿಲ್ಲ. ಧಾಟಿ ಇಬ್ಬರದೂ ಒಂದ. ಆದ್ರ ಕಲ್ಯಾಣದಾಕಿ ನನ್ನನ್ನೂ ಓಲಾಡಿಸಿಬಿಟ್ಟಾಳ. ದೀಪ ಅಕಿಗೇ ಕೊಡ್ರಿ."

ಊರಿಗೆ ಮರಳುವ ಬಸ್ಸಿನಲ್ಲಿ ದೀಪ ಸೂಗಮ್ಮನ ತೊಡೆಯ ಮೇಲಿತ್ತು, ತಾಳ ಸರುಬಾಯಿಯ ಮಡಿಲಲ್ಲಿ. ಸೂಗಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು:

"ಅಕ್ಕಾ, ಅತ್ತಿ ಮತ್ತ ಯಾವಾಗ ಬರ್ತಾಳ್ರಿ ಕನಸಿನ್ಯಾಗ?"

"ಐತವಾರ ಸಂಜಿಕ," ಎಂದಳು ಸರುಬಾಯಿ. "ಬಿಸ್ಮಿಲ್ಲಾ ಬೀ ಮನ್ಯಾಗ. ನೀನೂ ಬಾ."