ಹದಿನಾಲ್ಕನೆಯ ಸೆಕ್ಷನ್ನೂ ನಾಲ್ಕು ಸೆಕೆಂಡಿನ ಮೌನವೂ

ಕೊರೋನಾ ಕಳೆದ ಮೇಲಿನ ಎರಡನೆಯ ಬೇಸಿಗೆ. ಬ್ರಿಸ್ಬೇನ್‌ನಿಂದ ಗೋಲ್ಡ್ ಕೋಸ್ಟ್‌ಗೆ ಓಡುವ ವಿದ್ಯುತ್ ರೈಲುಗಳ ಮಾರ್ಗದಲ್ಲಿ ನಾನು ಪವರ್ ಕಂಟ್ರೋಲರ್ ಆಗಿದ್ದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಪರದೆಗಳ ಮುಂದೆ ಕೂತು, ಹಳಿಯ ಮೇಲಿನ ತಂತಿಗೆ ಕರೆಂಟ್ ಕೊಡುವುದು, ತೆಗೆಯುವುದು ನನ್ನ ಕೆಲಸ. ಮನೆಯಲ್ಲಿ ಹೆಂಡತಿಯ ಅಪ್ಪಣೆಯಿಲ್ಲದೆ ಎ.ಸಿ. ಹಾಕುವ ಅಧಿಕಾರ ನನಗಿರಲಿಲ್ಲ. ಇಲ್ಲಿ ಇಪ್ಪತ್ತೈದು ಸಾವಿರ ವೋಲ್ಟ್ ನನ್ನ ಬೆರಳ ತುದಿಯಲ್ಲಿತ್ತು. ಭಾರತದ ರೈಲ್ವೆಯಲ್ಲಿ ನಾನು ದುಡಿದದ್ದೂ ಅಷ್ಟೇ ವೋಲ್ಟಿನ ತಂತಿಯ ಕೆಳಗೆ. ವಿದ್ಯುತ್ತಿಗೆ ವೀಸಾದ ತೊಂದರೆಯಿಲ್ಲ.

ಆ ತಂತಿ ಉದ್ದಕ್ಕೂ ಒಂದೇ ಅಲ್ಲ. ಮನೆಯ ಕೋಣೆಗಳ ಹಾಗೆ ಅದನ್ನು ಸೆಕ್ಷನ್‌ಗಳಾಗಿ ಭಾಗ ಮಾಡಿ, ಒಂದೊಂದಕ್ಕೂ ಬೇರೆ ಸ್ವಿಚ್ ಇಟ್ಟಿರುತ್ತಾರೆ. ಕಂಬಗಳ ಮೇಲೆ ಸೆಕ್ಷನ್ ಸಂಖ್ಯೆಯ ಪ್ಲೇಟ್ ಇರುತ್ತದೆ. ರಿಪೇರಿ ಬಂದರೆ ನಾನು ಆ ಸೆಕ್ಷನ್ ಆಫ್ ಮಾಡಿ ರೇಡಿಯೋದಲ್ಲಿ ತಿಳಿಸಬೇಕು. ಹಳಿಯ ಬಳಿ ಇರುವವರು ಅದನ್ನು ಅಕ್ಷರಶಃ ತಿರುಗಿ ಹೇಳಬೇಕು. ಇದಕ್ಕೆ ರೀಡ್-ಬ್ಯಾಕ್ ಎನ್ನುತ್ತಾರೆ. ಮೇಷ್ಟರಿಗೆ ಮಗ್ಗಿ ಒಪ್ಪಿಸಿದ ಹಾಗೆ. ಆಮೇಲೆ ತಂತಿಯಲ್ಲಿ ಕರೆಂಟ್ ಇಲ್ಲವೆಂದು ಟೆಸ್ಟರ್ ಕೋಲಿನಿಂದ ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು.

ಆ ವರ್ಷ ಸೆಕ್ಷನ್‌ಗಳ ಸಂಖ್ಯೆ ಬದಲಾಗಿತ್ತು. ಹಳೆಯ ಹದಿನಾಲ್ಕು ಈಗ ಹದಿನೈದು, ಕಂಬದ ಪ್ಲೇಟುಗಳೂ ಹೊಸವು. ಹೊಸ ನಕ್ಷೆಯನ್ನು ನನ್ನ ಮೇಜಿನ ಮೇಲೆ ಅಂಟಿಸಿದ್ದರು. ಇಡೀ ಮಾರ್ಗ ಬಾಯಿಪಾಠವಿದ್ದ ನಾನು ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದೆ.

ಹಳಿಯ ಮೇಲಿನ ತಂಡದ ಎಂಜಿನಿಯರ್ ಚೈತ್ರಾ, ಮೈಸೂರಿನವಳು. ನಾರ್ತ್ ಲೇಕ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ವಾಸ. ಹಬ್ಬದ ಊಟಕ್ಕೆ ಬಂದರೆ ನಾನು ಕೂರುವವರೆಗೆ ಕೂರುತ್ತಿರಲಿಲ್ಲ. ಅಲ್ಲಿ ನಾನು ಅಂಕಲ್. ರೇಡಿಯೋದಲ್ಲಿ, ನಿಯಮದಂತೆ, ಕಂಟ್ರೋಲ್. ಮಾತೂ ಅಲ್ಲಿ ಇಂಗ್ಲಿಷಿನಲ್ಲೇ.

ಫೆಬ್ರವರಿಯ ಒಂದು ಸಂಜೆ, ನಾಲ್ಕು ಗಂಟೆಯ ಸುಮಾರಿಗೆ, ಬಿರುಗಾಳಿ ಮಳೆಯೊಂದು ಹಾದುಹೋಯಿತು. ಯಾರದೋ ಹಿತ್ತಲಲ್ಲಿ ನೆರಳಿಗೆ ಕಟ್ಟಿದ್ದ ದೊಡ್ಡ ಬಟ್ಟೆ ಕಿತ್ತುಹೋಗಿ ನಮ್ಮ ತಂತಿಗೆ ಸುತ್ತಿಕೊಂಡು, ತೊಯ್ದು ಜೋತಾಡತೊಡಗಿತು. ಅದರಡಿ ಆಫೀಸಿನಿಂದ ಮರಳುವವರು ಕಿಕ್ಕಿರಿದಿದ್ದ ರೈಲು ನಿಂತಿತು. ಅಪಾಯವಾಗದಿರಲೆಂದು ಡ್ರೈವರ್ ಚಾವಣಿಯ ಮೇಲಿನ ಪ್ಯಾಂಟೋಗ್ರಾಫ್, ಅಂದರೆ ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ತೋಳನ್ನು, ಇಳಿಸಿದ. ಅದರೊಂದಿಗೆ ಎ.ಸಿ.ಯೂ ನಿಂತಿತು.

ಚೈತ್ರಾ, ಲೈನ್‌ಮನ್ ಡ್ಯಾರೆನ್ ಜೊತೆ ಲಾರಿಯಲ್ಲಿ ತಲುಪುವಷ್ಟರಲ್ಲಿ ಜನ ಬಾಗಿಲು ಗುದ್ದುತ್ತಿದ್ದರು. ನನ್ನ ಬೆನ್ನ ಹಿಂದೆ ಪಾಳಿಯ ಮ್ಯಾನೇಜರ್ ಗ್ಲೆನ್ ನಿಂತಿದ್ದ.

"ಇನ್ನೆಷ್ಟು ಹೊತ್ತು, ಮೇಟ್? ಜನ ಹಳಿಗೆ ಇಳಿದರೆ ನಮ್ಮ ಕಥೆ ಮುಗೀತು."

ನಾನು ನಕ್ಷೆ ನೋಡಲಿಲ್ಲ. ಆ ಜಾಗ ಇಷ್ಟು ವರ್ಷ ಹದಿನಾಲ್ಕೇ ಆಗಿತ್ತು. ಹದಿನಾಲ್ಕನ್ನು ಆಫ್ ಮಾಡಿ ಗಂಭೀರವಾಗಿ ಘೋಷಿಸಿದೆ: "ಸೆಕ್ಷನ್ ಹದಿನಾಲ್ಕು ಆಫ್ ಆಗಿದೆ. ಪರೀಕ್ಷಿಸಿ, ಕೆಲಸ ಶುರು ಮಾಡಿ."

ಸ್ವಲ್ಪ ಮೌನ. ಬಳಿಕ ಚೈತ್ರಾಳ ದನಿ, ಒಂದಕ್ಷರ ತಪ್ಪದೆ: "ಸೆಕ್ಷನ್ ಹದಿನಾಲ್ಕು ಆಫ್ ಆಗಿದೆ. ಪರೀಕ್ಷಿಸಿ, ಕೆಲಸ ಶುರು ಮಾಡುತ್ತೇವೆ."

ನಾನು ಅದನ್ನು ಸಮಯಸಹಿತ ಬರೆದುಕೊಂಡೆ. ಅಕ್ಷರ ದುಂಡಾಗಿತ್ತು.

ಎರಡು ನಿಮಿಷ ಕಳೆದಿರಬೇಕು. "ರೈಲು ಸರಿಯಾಗಿ ಎಲ್ಲಿ ನಿಂತಿದೆ ತೋರಿಸು" ಎಂದ ಗ್ಲೆನ್. ತೋರಿಸಲು ಪರದೆಯತ್ತ ಬೆರಳು ಚಾಚಿದೆ. ಬೆರಳು ಅಲ್ಲೇ ನಿಂತಿತು. ನಮ್ಮ ಪರದೆಯಲ್ಲಿ ಕರೆಂಟ್ ಇಲ್ಲದ ತಂತಿ ಹಸಿರು, ಇರುವುದು ಕೆಂಪು. ಹದಿನಾಲ್ಕು ತಣ್ಣಗೆ ಹಸಿರಾಗಿತ್ತು. ರೈಲು ನಿಂತಿದ್ದದ್ದು ಅದರಾಚೆಯ ಕೆಂಪು ಗೆರೆಯ ಕೆಳಗೆ.

"ಚೈತ್ರಾ, ಕೆಲಸ ನಿಲ್ಲಿಸಿ! ಚೈತ್ರಾ!" ರೇಡಿಯೋದಲ್ಲಿ ಹೆಸರು ಹಿಡಿದು ಕೂಗುವುದು ನಿಯಮಬಾಹಿರ. ಉತ್ತರವಿಲ್ಲ. ಮತ್ತೆ ಕರೆದೆ. ಇಲ್ಲ.

ಹದಿನೈದರ ಸ್ವಿಚ್ ತೆಗೆದರೆ ಪಕ್ಕದ ಹಳಿಯಲ್ಲಿ ಬರುತ್ತಿದ್ದ ಇನ್ನೂ ಎರಡು ತುಂಬಿದ ರೈಲುಗಳು ನಿಲ್ಲುತ್ತಿದ್ದವು. ತೆಗೆದೆ. ಪರದೆಯ ಮೇಲಿನ ಗೆರೆ ಹಸಿರಾಯಿತು.

"ಏನು ಮಾಡಿದೆ ನೀನು?" ಎಂದು ಗ್ಲೆನ್ ಕಿರುಚಿದ. ಡ್ಯಾರೆನ್‌ಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂಬುದಷ್ಟೇ ಆಗ ನನಗೆ ಗೊತ್ತಿದ್ದದ್ದು.

ರೇಡಿಯೋ ಗರಗರಿಸಿತು. ಚೈತ್ರಾ ಏದುಸಿರು ಬಿಡುತ್ತ, ಇಂಗ್ಲಿಷನ್ನು ಪೂರ್ತಿ ಮರೆತು ಕೇಳಿದಳು:

"ಅಂಕಲ್, ರೇಡಿಯೋ ಲಾರೀಲೇ ಬಿಟ್ಟು ಎರಡು ಕಂಬ ನೋಡ್ಕೊಂಡ್ಬಂದೆ, ಎರಡರಲ್ಲೂ ಹದಿನೈದು ಅಂತಿದೆ. ಹದಿನೈದು ಆಫ್ ಆಗಿದ್ಯಾ?"

"ಈಗ ಆಗಿದೆ. ಡ್ಯಾರೆನ್ ಎಲ್ಲಿ?"

"ಲಾರಿಯ ಏಣಿ ಮೇಲಿದ್ದಾನೆ. ನಾ ಬರೋತನಕ ಕಾಯಿ ಅಂದಿದ್ದೆ, ಜನ ಕೂಗಾಡ್ತಿದ್ರು ಅಂತ ಹತ್ತಿಬಿಟ್ಟಿದ್ದಾನೆ." ಒಂದು ಕ್ಷಣ ಬಿಟ್ಟು, "ಬೈತಿದ್ದಾನೆ, ಅಂಕಲ್."

ಬೈಗುಳ ಅಷ್ಟು ಇಂಪಾಗಿ ಕೇಳಿದ್ದು ನನಗೆ ಅದೇ ಮೊದಲು. ಆಮೇಲೆ ತಿಳಿದದ್ದಿಷ್ಟು: ಟೆಸ್ಟರ್ ಕೋಲಿಗೆ ದಾರಿ ಮಾಡಲು ಆತ ಆ ಒದ್ದೆ ಬಟ್ಟೆಯನ್ನು ಸರಿಸಲೆಂದು ಕೈ ಚಾಚಿದ್ದ. ಕಂಬ ನೋಡಿ ಓಡಿಬಂದ ಚೈತ್ರಾಳ ಕೂಗು ಕೇಳಿ ತಡೆದಾಗ ನಡುವೆ ಒಂದು ಮೊಳ ಉಳಿದಿತ್ತು. ಆ ಹೊತ್ತಿಗೆ ನಾನು ಕರೆಂಟ್ ತೆಗೆದಾಗಿತ್ತೋ ಇಲ್ಲವೋ ಎಂಬುದನ್ನು ಯಾವ ದಾಖಲೆಯೂ ಹೇಳಲಿಲ್ಲ. ಆದ್ದರಿಂದ ನಾನು ಜೀವ ಉಳಿಸಿದೆನೆಂದು ಎಲ್ಲೂ ಹೇಳಿಕೊಂಡಿಲ್ಲ. ಜೀವ ತೆಗೆಯಲು ಹೊರಟವನು ನಾನೇ ಎಂಬುದು ಮಾತ್ರ ಖಚಿತ.

ಮತ್ತೆ ಮೊದಲಿನಿಂದ, ಈ ಬಾರಿ ನಕ್ಷೆ ನೋಡಿ, ಎಲ್ಲ ಕ್ರಮವಾಗಿ ನಡೆಯಿತು. ಬಟ್ಟೆ ಇಳಿಯಿತು. ರೈಲು ಹೊರಟಿತು.

ವಿಚಾರಣೆಯಲ್ಲಿ ರೇಡಿಯೋ ಧ್ವನಿಮುದ್ರಣ ಹಾಕಿದರು. ನನ್ನ ಘೋಷಣೆಗೂ ಅವಳ ರೀಡ್-ಬ್ಯಾಕಿಗೂ ನಡುವೆ ನಾಲ್ಕು ಸೆಕೆಂಡಿನ ಮೌನವಿತ್ತು. ಅಧಿಕಾರಿ ಅದನ್ನು ಮೂರು ಬಾರಿ ಕೇಳಿಸಿ, "ಈ ಮೌನ ಏನು?" ಎಂದ. ಚೈತ್ರಾ ತಲೆ ತಗ್ಗಿಸಿದಳು. ಅದೇನೆಂದು ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೂ ತಿಳಿಯುವಂತಿರಲಿಲ್ಲ.

ಹೊರಗೆ ಕಾಫಿ ಮೆಷಿನ್ ಬಳಿ ಕೇಳಿದೆ: "ಪ್ಲೇಟು ಕಣ್ಣೆದುರಿಗೇ ಇತ್ತಲ್ಲಮ್ಮ. ತಪ್ಪು ಅಂತ ಯಾಕೆ ಹೇಳಲಿಲ್ಲ?"

"ಪ್ಲೇಟೇ ತಪ್ಪಿರಬಹುದು ಅನ್ಕೊಂಡೆ, ಅಂಕಲ್."

"ಕಂಬ ತಪ್ಪು, ನಾನು ಸರಿಯಾ?"

"ಪ್ಲೇಟು ಹೊಸದು, ನೀವು ಹಳಬರು." ಕಣ್ಣು ತುಂಬಿಕೊಂಡು ಹೇಳಿದಳು, "ನಿಮಗೆ ತಪ್ಪು ಅನ್ನೋದಕ್ಕಿಂತ ಎರಡು ಕಂಬ ನಡೆದು ಬರೋದೇ ಸುಲಭ ಅನ್ನಿಸ್ತು."

ಹಬ್ಬದೂಟದಲ್ಲಿ ಅವಳು ನಿಂತೇ ಇದ್ದಾಗ, ಎಂಥ ಸಂಸ್ಕಾರವಂತೆ ಎಂದು ಊರಿಗೆಲ್ಲ ಹೊಗಳಿದವನು ನಾನು. ಆ ಸಂಸ್ಕಾರದ ಬೆಲೆಯನ್ನು ಡ್ಯಾರೆನ್ ತೆರಬೇಕಾಗುತ್ತಿತ್ತು. ಕೇಳಿದ್ದು ಸರಿಯೋ ಇಲ್ಲವೋ ಎಂಬುದನ್ನಷ್ಟೇ ರೀಡ್-ಬ್ಯಾಕ್ ಹಿಡಿಯುತ್ತದೆ. ಹಿರಿಯನ ತಪ್ಪನ್ನು ಕಿರಿಯಳು ಭಕ್ತಿಯಿಂದ ಒಪ್ಪಿಸಿದರೆ ಅದು ಕೈಕಟ್ಟಿ ಕೂರುತ್ತದೆ.

ನನಗೆ ಲಿಖಿತ ಎಚ್ಚರಿಕೆ ಕೊಟ್ಟು, ಮೂರು ವಾರ ಮತ್ತೆ ತರಬೇತಿಗೆ ಕೂರಿಸಿದರು. ಕಾಫಿ ಲೋಟ ಬೇರೆ ಮೇಜಿಗೆ ಹೋಯಿತು. ನಮ್ಮ ಕೋಣೆಯ ಕ್ರಮವೂ ತಿರುಗಿತು: ಈಗ ಹಳಿಯ ಬಳಿ ಇರುವವರು ಕಂಬದ ಸಂಖ್ಯೆಯನ್ನು ಮೊದಲು ಓದುತ್ತಾರೆ, ಕಂಟ್ರೋಲ್ ಅದನ್ನು ಒಪ್ಪಿಸುತ್ತದೆ.

ಎರಡು ವರ್ಷದ ಬಳಿಕ ನನ್ನ ನಿವೃತ್ತಿಗೆ ಪಾರ್ಕಿನಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಇಟ್ಟುಕೊಂಡಿದ್ದರು. ಡ್ಯಾರೆನ್ ಇಕ್ಕಳ ಹಿಡಿದು ಸಾಸೇಜ್ ಹೊರಳಿಸುತ್ತಿದ್ದ, ಎರಡೂ ಕೈ ನೆಟ್ಟಗಿದ್ದವು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಈ ಮಾರ್ಗದಲ್ಲಿ ಹದಿನೆಂಟು ವರ್ಷ..." ಎಂದು ಶುರುಮಾಡಿದೆ.

"ಅಂಕಲ್, ತಪ್ಪು," ಎಂದಿತು ಹಿಂದಿನಿಂದ ಒಂದು ದನಿ. "ಹದಿನೇಳು."

ಎಲ್ಲರೂ ತಿರುಗಿದರು. ಚೈತ್ರಾ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ನಾಲ್ಕು ಸೆಕೆಂಡು ಹಿಡಿಯಿತು.

"ಹದಿನೇಳು," ಎಂದು ಒಪ್ಪಿಸಿದೆ.